ತಳಕಿನ ಹೊಲದಾಗೆ ಬಂದ ನಿದ್ದೆ

ಕಾವಲಿನ ಹುಲ್ಲುಗಾವಲಿಗೆ ಹಾಕಿದ ಬೇಲಿಯಾಚೆ ರಾತ್ರಿ ಹೊತ್ತು ವಿಮಾನ ಹಾರಿಸೋಕೆ ಶುರು ಮಾಡಿದ ಮೇಲೆ ನಮ್ಮ ಮುದುಕನಿಗೆ ನಿದ್ದೆ ಇಲ್ಲ. ಕುರಿ ಕಾಯೋನು ಕಿವಿ ತೆರೆದೇ ಮಲಗೋದು. ಸದ್ದಾದರೆ ತೋಳ ಬಂತು ಅಂತ ಕೋಲು ಹಿಡಿದು ಕುರಿ ರೊಪ್ಪದ ಸುತ್ತ ಓಡ್ತಾನೆ. ಹಗಲೆಲ್ಲ ಕೂತಲ್ಲೇ ತೂಕಡಿಸ್ತಾನೆ. ಮುದ್ದೆ ಮುರಿದು ಕೈಲಿ ಹಿಡಕೊಂಡು ಬಾಯಿಗೆ ಇಡೋದು ಮರೀತಾನೆ. ಒಂದಿನ ಕಟ್ಟಿಕೊಂಡ ಹೆಂಡತಿ ನನ್ನನ್ನೇ ಯಾರು ನೀನು ಅಂದ. ಹಿಂಗೇ ಆದರೆ ಹುಚ್ಚು ಹಿಡೀತೈತೆ, ಇಲ್ಲಾ ಸಾಯ್ತಾನೆ.

ಆಗ ವಿಮಾನದ ಸದ್ದಿಗೆ ಊರವರ ನಿದ್ದೆ ಎಷ್ಟು ಕೆಡ್ತೈತೆ ಅಂತ ಅಳೆಯೋಕೆ ಒಬ್ಬ ಹುಡುಗಿ ಬಂದಳು. ಸದ್ದು ಹಿಡಿಯೋ ಡಬ್ಬಿ ನಮ್ಮ ಗೋಡೆಗೆ ನೇತುಹಾಕಿದಳು. ನಿದ್ದೆ, ಎಚ್ಚರ ತಿಳಿಯೋ ಪಟ್ಟಿ ಮುದುಕನ ಕೈಗೆ ಕಟ್ಟಿದಳು.

"ವಾರ ಪೂರ್ತಿ ಬಿಚ್ಚಬೇಡಿ ತಾತ. ನಿದ್ದೆ ಕೆಡೋದು ಇದರಲ್ಲಿ ಕಂಡರೆ, ರಾತ್ರಿ ವಿಮಾನ ಹಾರಿಸಬೇಡಿ ಅಂತ ಕೇಳಬಹುದು."

"ಕುರಿಗೆ ಗಂಟೆ ಕಟ್ಟಿದಂಗೆ ಕಟ್ಟಿದ್ಲಲ್ಲೇ!" ಅಂತ ಮುದುಕ ನಕ್ಕ. ನಕ್ಕಿದ್ದು ನೋಡಿ ನನಗೂ ಆಸೆ ಹುಟ್ಟಿತು.

ಮಾರನೇ ದಿನವೇ ದೂರದ ತಳಕು ಊರಿನ ಕಡೆಯ ರೈತ ಆಳು ಕಳಿಸಿದ. ಬಿತ್ತೋಕೆ ಮುಂಚೆ ಗೊಬ್ಬರಕ್ಕೆ ಅಂತ ಪ್ರತಿ ವರ್ಷ ಅವನ ಹೊಲದಾಗೆ ನಮ್ಮ ಕುರಿ ಮಲಗಿಸ್ತೀವಿ. ಮಾತು ಕೊಟ್ಟಾಗೈತೆ, ಹೋಗಲೇಬೇಕು. ಮುದುಕ ಪಟ್ಟಿ ಕಟ್ಟಿಕೊಂಡೇ ಕುರಿ ಹೊಡಕೊಂಡು ಹೋದ. ಡಬ್ಬಿ ಇಲ್ಲೇ ಗೋಡೆ ಮೇಲೆ.

ಅಲ್ಲಿ ವಿಮಾನ ಇಲ್ಲ. ಸತ್ತಂಗೆ ಮಲಗಿದನಂತೆ. ವಾರ ಕಳೆದು ವಾಪಸ್ ಬಂದಾಗ ಕಣ್ಣು ತಿಳಿಯಾಗಿತ್ತು. ಸಾರಿಗೆ ಉಪ್ಪಿಲ್ಲ ಅಂತ ಬೈದ.

ಹುಡುಗಿ ಬಂದು ಡಬ್ಬಿ, ಪಟ್ಟಿ ಎರಡೂ ನೋಡಿದಳು.

"ಇಲ್ಲಿ ಇಷ್ಟೊಂದು ಸದ್ದಾಗಿದೆ ಅಜ್ಜಿ, ತಾತ ಮಾತ್ರ ಹಾಯಾಗಿ ನಿದ್ದೆ ಮಾಡಿದ್ದಾರೆ!"

"ಇಲ್ಲೆಲ್ಲಿ ಮಾಡ್ಯಾನೆ? ತಳಕಿನ ಹೊಲದಾಗೆ ಕಣವ್ವ."

ಅವಳ ಮುಖ ಸಣ್ಣದಾಯ್ತು. "ಮನೇಲಿ ಮಲಗಬೇಕಿತ್ತು."

"ಹಂಗಂತ ನೀನು ಹೇಳಿದ್ಯಾ? ಬಿಚ್ಚಬೇಡಿ ಅಂದೆ, ಬಿಚ್ಚಲಿಲ್ಲ."

"ಹೇಳಲಿಲ್ಲ, ನಿಜ. ಆದರೆ ಈಗ ತಾತನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ಲ."

"ಇನ್ನೊಂದು ಸಲ ಕಟ್ಟು ತಾಯಿ. ಕಂಬಕ್ಕೆ ಕಟ್ಟಿಹಾಕಿ ಇಲ್ಲೇ ಮಲಗಿಸ್ತೀನಿ."

"ಈ ಊರಿನ ಕೆಲಸ ಮುಗೀತು ಅಜ್ಜಿ. ಪಟ್ಟಿ ಬೇರೆ ಊರಿಗೆ ಹೋಗಬೇಕು."

ಅವಳ ಕೈ ಗಟ್ಟಿಯಾಗಿ ಹಿಡಕೊಂಡೆ. ಮೆಲ್ಲಗೆ ಬಿಡಿಸಿಕೊಂಡು, ಡಬ್ಬಿ ತಗೊಂಡು ಹೋದಳು. ಮೊಳೆ ಗೋಡೆಯಲ್ಲೇ ಐತೆ.

ಮುದುಕ ಮತ್ತೆ ಕೋಲು ಹಿಡಿದು ಓಡ್ತಾನೆ. ಬೆಳಗಾದರೆ ಕಂಬಳಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಲ್ತಾನೆ.

"ಲೇ, ತಳಕಿನಿಂದ ಆಳು ಬಂದ್ನಾ?"

"ಬಿತ್ತನೆ ಆಗೈತೆ. ಶೇಂಗಾ ಕೀಳೋವರೆಗೂ ಯಾರೂ ಕುರಿ ಕರೆಯಲ್ಲ."

"ಒಂದ್ಸಲ ಕೇಳು."

ಕೇಳ್ತೀನಿ ಅಂತ ಒಳಗೆ ಬರ್ತೀನಿ. ಯಾರನ್ನ ಕೇಳಲಿ?