ಅವ್ವನ ವಯಸ್ಸು

ಭತ್ತ ಬೇಯುವ ವಾಸನೆಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಹಸಿ ಗೋಣಿಚೀಲ, ಹೊಟ್ಟು, ಉಕ್ಕುವ ಗಂಜಿ ಎಲ್ಲ ಸೇರಿದಂಥ ಹಬೆ ಅದು. ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಹೋದ ತಿಂಗಳು ಶಿಕ್ಷಕರ ತರಬೇತಿಗೆಂದು ರಾಯಚೂರಿನಿಂದ ಮಾನ್ವಿಗೆ ಹೋಗಿದ್ದೆ. ಅಲ್ಲಿ ಎರಡನೆಯ ಮಹಡಿಯ ಮೆಟ್ಟಿಲು ಹತ್ತುತ್ತ, ಉಸಿರು ಹಿಡಿದಂತಾಗಿ ನಡುವೆ ನಿಂತಾಗ ಕಿಟಕಿಯಿಂದ ಆ ವಾಸನೆ ಬಂತು. ಕೈಯಲ್ಲಿ ಪುಸ್ತಕಗಳ ಭಾರದ ಚೀಲವಿತ್ತು. ಹಿಂದೆ ಬರುತ್ತಿದ್ದ ಹುಡುಗಿ, ಈ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು, ಚೀಲಕ್ಕೆ ಕೈ ಹಾಕಿ, "ಕೊಡ್ರಿ ಮೇಡಂ, ಈ ವಯಸ್ಸಿನಾಗ ನೀವ್ಯಾಕ ಹೊರ್ತೀರಿ," ಎಂದಳು. ಅವಳ ದನಿಯಲ್ಲಿ ಪ್ರೀತಿಯೇ ಇತ್ತು. ಮೊಬೈಲನ್ನು ದೂರ ಹಿಡಿದು ಓದುವುದು, ನೆಲದಿಂದ ಏಳುವಾಗ ಗೋಡೆಗೆ ಕೈ ಕೊಡುವುದು, ನನ್ನ ಹಳೆಯ ವಿದ್ಯಾರ್ಥಿನಿ ತನ್ನ ಮಗನನ್ನು ಒಂದನೇ ತರಗತಿಗೆ ಸೇರಿಸಲು ಕರೆತಂದು ಎದುರು ನಿಲ್ಲುವುದು, ಇವೆಲ್ಲ ಒಂದೊಂದಾಗಿ ಬಂದಿದ್ದವು, ನಕ್ಕು ಸುಮ್ಮನಾಗಿದ್ದೆ. ನಿಮಗೂ ಇಂಥವು ಬಂದಿರಬಹುದು. ಆದರೆ ಒಬ್ಬರು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಚೀಲವನ್ನು ನಾನೇ ಹೊತ್ತು ಮೇಲೆ ಹೋದೆ. ದಿನವಿಡೀ ಅಲ್ಲಿ ಹೇಳಿದ್ದೊಂದೂ ಕಿವಿಗೆ ಬೀಳಲಿಲ್ಲ. ಇದೇ ಊರಿನಲ್ಲಿ, ಇದೇ ವಾಸನೆಯ ನಡುವೆ, ಇದೇ ಮಾತನ್ನು ಒಬ್ಬ ನನ್ನ ಅವ್ವನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ನಮ್ಮ ಮನೆ ಅಕ್ಕಿ ಗಿರಣಿಯ ಹಿಂದಿನ ಗೋಡೆಗೆ ಹತ್ತಿಕೊಂಡಿತ್ತು. ಒಂದೇ ಕೋಣೆ, ಮೇಲೆ ತಗಡು. ಗಿರಣಿ ಓಡುವಾಗ ಗೋಡೆಯ ಮಾಡದಲ್ಲಿಟ್ಟ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಗಿರಣಿ ನಿಂತರೆ, ಆ ಸದ್ದಿಲ್ಲದೆ ನಮಗೆ ನಿದ್ದೆ ಹತ್ತುತ್ತಿರಲಿಲ್ಲ. ಎಷ್ಟು ಗುಡಿಸಿದರೂ ಹೊಟ್ಟಿನ ಧೂಳು ರೊಟ್ಟಿಯ ಬುಟ್ಟಿಯ ಮೇಲೂ ಗೋಡೆಯ ಬುದ್ಧನ ಪಟದ ಮೇಲೂ ತೆಳ್ಳಗೆ ಕೂರುತ್ತಿತ್ತು. ಅವ್ವ ಎದ್ದವಳೇ ಮೊದಲು ಸೆರಗಿನಿಂದ ಆ ಪಟ ಒರೆಸುತ್ತಿದ್ದಳು. ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ, ನಾನು ಮೂರನೇ ತರಗತಿಯಲ್ಲಿದ್ದಾಗ ತೀರಿಕೊಂಡ. ಉಳಿದವರು ನಾವಿಬ್ಬರು. ಬೇಯಿಸಿದ ಭತ್ತವನ್ನು, ಅವ್ವನ ಮಾತಿನಲ್ಲಿ ನೆಲ್ಲನ್ನು, ಗಿರಣಿಯ ಕಣದಲ್ಲಿ ಬಿಸಿಲಿಗೆ ಹರವಿ ಒಣಗಿಸುವ ಹೆಂಗಸರಲ್ಲಿ ಅವ್ವನೂ ಒಬ್ಬಳು. ಇನ್ನೂ ಹಬೆಯಾಡುವ ಭತ್ತದಲ್ಲಿ ಬರಿಗಾಲಿನಿಂದ ಗೆರೆ ಎಳೆಯುತ್ತ ಈ ತುದಿಯಿಂದ ಆ ತುದಿಗೆ ಹೋಗಬೇಕು, ಮತ್ತೆ ತಿರುಗಿ ಬರಬೇಕು. ಸಂಜೆ ಅವಳ ಅಂಗಾಲಿಗೆ ನಾನು ಕುಸುಬೆ ಎಣ್ಣೆ ತಿಕ್ಕುತ್ತಿದ್ದೆ. ಎಷ್ಟು ತಿಕ್ಕಿದರೂ ಆ ಚರ್ಮ ಮೆತ್ತಗಾಗುತ್ತಿರಲಿಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಗಿರಣಿಗೆ ಹೊಸ ಮೇಸ್ತ್ರಿ ಬಂದ. ಒಂದು ಮಧ್ಯಾಹ್ನ ಅವ್ವನಿಗೆ ಬುತ್ತಿ ಕೊಡಲು ಹೋಗಿ ಕಣದ ಅಂಚಿನಲ್ಲಿ ನಿಂತಿದ್ದೆ. ಅವನು ಅವ್ವನನ್ನೂ ಇನ್ನಿಬ್ಬರು ಹೆಂಗಸರನ್ನೂ ಕರೆದು, ನಾಳೆಯಿಂದ ಬರುವುದು ಬೇಡ, ಚುರುಕಾಗಿ ಓಡಾಡುವವರು ಬೇಕು ಎಂದ. ಆಮೇಲೆ ನನ್ನ ಕಡೆ ನೋಡಿ ಅವ್ವನಿಗೆ, "ಈ ವಯಸ್ಸಿನಾಗ ನಿನಗ್ಯಾಕ ಈ ಬಿಸಲು? ಮಗಳು ದೊಡ್ಡಾಕಿ ಆಗ್ಯಾಳಲ್ಲ, ಆಕಿನ್ನ ಕಳಸು," ಎಂದ. ಉಳಿದಿಬ್ಬರು ತಲೆ ತಗ್ಗಿಸಿ ಹೊರಟರು. ಅವ್ವ ನಿಂತೇ ಇದ್ದಳು.

"ನನ್ನ ವಯಸ್ಸು ನನಗ ಗೊತ್ತಿಲ್ರಿ. ನಿಮಗ್ಯಾರು ಹೇಳ್ಯಾರ?"

ಅದು ಚೇಷ್ಟೆಯ ಮಾತಲ್ಲ. ಅವಳ ತವರು ಗುಂಜಹಳ್ಳಿಯಲ್ಲಿ ಅವಳು ಹುಟ್ಟಿದ ವರ್ಷವನ್ನು ಯಾರೂ ಬರೆದಿಟ್ಟಿರಲಿಲ್ಲ. ಈಗ ಯೋಚಿಸಿದರೆ ಆಗ ಅವಳಿಗೆ ನಲವತ್ತು, ಹೆಚ್ಚೆಂದರೆ ನಲವತ್ತೆರಡು. ನನಗೀಗ ಐವತ್ತಮೂರು.

ಆ ಸಂಜೆ ನಾನೇ ಹೇಳಿದೆ, ಶಾಲೆ ಬಿಟ್ಟು ಕಣಕ್ಕೆ ಹೋಗುತ್ತೇನೆಂದು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನೀ ಆ ನೆಲ್ಲಿನಾಗ ಕಾಲಿಡಬ್ಯಾಡ," ಎಂದಳು, ಅಷ್ಟೇ. ಬೆಳಗಾದರೆ ಎಂದಿನಂತೆ ಹೋಗಿ ಸಾಲಿನಲ್ಲಿ ನಿಂತಳು. ಹಾಜರಿ ಹಿಡಿಯುವಾಗ ಮೇಸ್ತ್ರಿ ಅವಳ ಹೆಸರು ಕೂಗಲಿಲ್ಲ. ಕೂಗದಿದ್ದರೂ ಅವ್ವ ಕೆಲಸ ಮಾಡಿದಳು, ಮರುದಿನವೂ ಹಾಗೆಯೇ. ಮೂರನೆಯ ದಿನ ಮಧ್ಯಾಹ್ನ ದೇವದುರ್ಗದ ದಿಕ್ಕಿಗೆ ಒಂದು ಮೋಡ ಎದ್ದಿತು. ಕಣದಲ್ಲಿ ಇನ್ನೂ ಸುಡುವ ಬಿಸಿಲು. ಗಾಳಿ ತಿರುಗಿದ್ದನ್ನು ಕಂಡ ಅವ್ವ, ಯಾರ ಅಪ್ಪಣೆಗೂ ಕಾಯದೆ ಭತ್ತ ಗುಂಪಿ ಹಾಕತೊಡಗಿದಳು. ಮೇಸ್ತ್ರಿ ಬೈದ. ಚಿಕ್ಕ ಹುಡುಗಿಯರು ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ಅವ್ವನ ಮುಖ ನೋಡಿದರು, ಅವ್ವನ ಹಿಂದೆ ಹೋದರು. ಮೊದಲ ಹನಿ ಬೀಳುವ ಹೊತ್ತಿಗೆ ತಾಡಪತ್ರಿ ಹೊದಿಸಿಯಾಗಿತ್ತು. ಅದರ ಮೂಲೆಗೆ ಕಲ್ಲು ಇಡುತ್ತಿದ್ದವರಲ್ಲಿ ಮೇಸ್ತ್ರಿಯೂ ಇದ್ದ. ಮರುದಿನ ಅವನು ಅವಳ ಹೆಸರು ಕೂಗಿದ. ಉಳಿದಿಬ್ಬರನ್ನೂ ಕರೆಸಬೇಕೆಂದು ಅವ್ವ ಹಟ ಹಿಡಿದಳಂತೆ. ಒಬ್ಬಾಕೆ ಬಂದಳು. ಇನ್ನೊಬ್ಬಾಕೆ ಆಗಲೇ ಬಾಗಲವಾಡದ ಮಗಳ ಮನೆಗೆ ಹೋಗಿಬಿಟ್ಟಿದ್ದಳು. ಮತ್ತೆ ಮಾನ್ವಿಯಲ್ಲಿ ಅವಳನ್ನು ನಾವು ನೋಡಲಿಲ್ಲ.

ಅವ್ವ ಹೋಗಿ ಹನ್ನೊಂದು ವರ್ಷವಾಯಿತು. ಗಿರಣಿಯ ಹಿಂದಿನ ಕೋಣೆಗಳನ್ನು ಕೆಡವಿ ಗೋದಾಮು ಕಟ್ಟಿದ್ದಾರೆ. ಅವಳ ಕೊನೆಯ ದಿನಗಳನ್ನು ನಾನು ಹೆಚ್ಚು ನೆನೆಯುವುದಿಲ್ಲ. ನೆನೆಯುವುದು ಅರಕೇರಾದ ಶಾಲೆಗೆ ನಾನು ಕೆಲಸಕ್ಕೆ ಸೇರಿದ ದಿನವನ್ನು. ಅಂದು ಅವ್ವ ಕಣದ ಕೆಲಸ ತಪ್ಪಿಸಿ ನನ್ನ ಜೊತೆ ಬಂದಳು. ಇಡೀ ದಿನ ಬೇವಿನ ನೆರಳಿನಲ್ಲಿ ಕೂತು, ನಾನು ಹಲಗೆಯ ಮೇಲೆ ಬರೆಯುವುದನ್ನು ಕಿಟಕಿಯಿಂದ ನೋಡಿದಳು. ಸಂಜೆ ಮಾನ್ವಿಯ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಬಾಯಿ ತುಸು ತೆರೆದಿತ್ತು. ಬೈತಲೆಯ ಎರಡೂ ಬದಿ ಬೆಳ್ಳಗಾಗಿತ್ತು. ಅವಳು ಇಷ್ಟು ಹಗುರ ಎಂದು ನನಗೆ ತಿಳಿದಿರಲಿಲ್ಲ. ಗಿರಣಿಯ ಹತ್ತಿರ ನಾವು ಇಳಿಯಬೇಕಿತ್ತು. ಎಬ್ಬಿಸಲು ಮನಸ್ಸಾಗದೆ ಬಸ್ ನಿಲ್ದಾಣದವರೆಗೂ ಹೋದೆ. ಎಚ್ಚರಾದವಳು ಸುತ್ತ ನೋಡಿ, "ನಿದ್ದಿ ಹತ್ತಿದ್ದಿಲ್ಲ ನನಗ. ಕಣ್ಣು ಮುಚ್ಚಿದ್ದೆ ಅಷ್ಟ," ಎಂದಳು. ಹೌದು ಎಂದೆ. ಬಂದ ದಾರಿಯನ್ನೇ ಹಿಂದಕ್ಕೆ ನಡೆಯಬೇಕಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು ಸರಸರ ಮುಂದೆ ಹೊರಟಳು. ನಾನು ಬೇಕೆಂದೇ ಹೆಜ್ಜೆ ಸಣ್ಣದು ಮಾಡಿದೆ.