ಕೊನೆಯ ಓಟು ರೀಜಿಸ್‌ನದು

ನಮ್ಮ ಟೌನ್‌ಶಿಪ್ಪಿನಲ್ಲಿ ರಸ್ತೆಗೆ ಡಾಂಬರು ಬಿತ್ತೆಂದರೆ ಊರಾಡಳಿತ ನಡೆಸುವ ಕಮಿಷನರುಗಳ ಚುನಾವಣೆ ಬಂತೆಂದು ಅರ್ಥ. ಮಿಕ್ಕ ವರ್ಷಗಳಲ್ಲಿ ಹೊಂಡಕ್ಕೆ ಬಿದ್ದು ಕಾರಿನ ಚಕ್ರ ಮುರಿದರೂ ಕೇಳುವವರಿಲ್ಲ. ಚುನಾವಣೆಯ ವರ್ಷ ಮಾತ್ರ ಕಮಿಷನರುಗಳಿಗೆ ಅಗ್ನಿಶಾಮಕ ಠಾಣೆಯವರು ಊರಿಗೆ ಬಡಿಸುವ ಶುಕ್ರವಾರದ ಮೀನೂಟ ಎಲ್ಲಿಲ್ಲದಷ್ಟು ರುಚಿಸುತ್ತದೆ, ನಮ್ಮ ಮಕ್ಕಳ ಹೆಸರುಗಳೂ ನೆನಪಾಗುತ್ತವೆ. ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿ ಒಂದು ತಲೆಮಾರು ಕಳೆಯಿತು. ಮುಚ್ಚದೆ ಉಳಿದಿರುವ ಉದ್ಯಮವೆಂದರೆ ಈ ಚುನಾವಣೆಯೊಂದೇ.

ನಾನು ಲೊರೇನ್, ಮೂರನೆಯ ವಾರ್ಡಿನ ಮತಗಟ್ಟೆಯ ಮುಖ್ಯಸ್ಥೆ. ಮತಗಟ್ಟೆಯೆಂದರೆ ಅದೇ ಅಗ್ನಿಶಾಮಕ ಠಾಣೆಯ ಊಟದ ಹಾಲ್. ಚುನಾವಣೆಯ ದಿನ ಬೆಳಿಗ್ಗೆ ಬಾಗಿಲಿನಿಂದ ಹತ್ತು ಅಡಿ ದೂರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತೇನೆ. ಪಕ್ಷದವರು ಆ ಗೆರೆಯ ಆಚೆ ನಿಂತು ಏನು ಬೇಕಾದರೂ ಬೊಗಳಬಹುದು, ಈಚೆ ಕಾಲಿಡುವಂತಿಲ್ಲ. ಗೆರೆಯ ಆಚೆ ಮೂವತ್ತು ವರ್ಷ ನಿಂತು ಸವೆದವನು ರೀಜಿಸ್ ಕೊಲೆಸಾರ್.

ರೀಜಿಸ್ ನನ್ನ ಜೊತೆ ಓದಿದವನು. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ. ಬಸ್ಸು ಅವನ ಹೊಟ್ಟೆಪಾಡು, ಪಕ್ಷ ಅವನ ಹುಚ್ಚು. ಅಭ್ಯರ್ಥಿಗಳ ಹೆಸರಿರುವ ಚೀಟಿ ಹಂಚುವುದು, ಜನರ ಅಂಗಳದಲ್ಲಿ ಹಲಗೆ ನೆಡುವುದು, ನಡೆಯಲಾಗದವರನ್ನು ಕಾರಿನಲ್ಲಿ ಕರೆತರುವುದು ಎಲ್ಲ ಅವನದೇ. ಅಂಚೆ ಮತ ಇನ್ನೂ ಮನೆಮನೆಗೆ ಬಂದಿರದ ಕಾಲ ಅದು. ಯಾರು ಓಟು ಹಾಕಿದರು, ಯಾರು ಬಾಕಿ ಎಂಬುದು ಅವನ ತಲೆಯಲ್ಲೇ ಇರುತ್ತಿತ್ತು. ಇಷ್ಟಕ್ಕೆ ಪ್ರತಿಯಾಗಿ ಅವನಿಗೆ ಬೇಕಾದದ್ದು ಒಂದೇ. ಟೌನ್‌ಶಿಪ್ ಕಚೇರಿಯ ಸಭಾಂಗಣದಲ್ಲಿ ಕಮಿಷನರುಗಳು ಕೂರುವ ಎತ್ತರದ ಮೇಜಿನ ಹಿಂದೆ ಒಂದು ಕುರ್ಚಿ, ಅದರ ಮುಂದೆ ತನ್ನ ಹೆಸರಿನ ಹಿತ್ತಾಳೆ ಫಲಕ. ಅವನ ತಾಯಿ ಆ ಸಭಾಂಗಣದ ನೆಲ ಒರೆಸಿ ಅವನನ್ನು ಬೆಳೆಸಿದವಳು.

ಪಕ್ಷದ ಅಧ್ಯಕ್ಷ ಚೆಟ್ ಡನ್‌ಲೀವಿ ಪ್ರತಿ ಸಲವೂ ಅವನ ಬೆನ್ನು ತಟ್ಟಿ, "ಮುಂದಿನ ಸಲ ನೀನೇ" ಎನ್ನುತ್ತಿದ್ದ. ಟಿಕೆಟು ಮಾತ್ರ ಒಮ್ಮೆ ಚೆಟ್‌ನ ಭಾವಮೈದನಿಗೆ ಹೋಯಿತು, ಒಮ್ಮೆ ದಂತವೈದ್ಯನಿಗೆ, ಒಮ್ಮೆ ಶವಪೆಟ್ಟಿಗೆಯ ಅಂಗಡಿಯವನಿಗೆ. ರೀಜಿಸ್ ಪ್ರತಿ ಸಲವೂ ಆ ಬೆನ್ನು ತಟ್ಟಿಸಿಕೊಂಡು, ಅವರ ಚೀಟಿ ಹಿಡಿದು ಗೆರೆಯ ಆಚೆ ನಿಂತ. ನನಗೆ ಅವನ ಮೇಲೆ ಕನಿಕರ ಹುಟ್ಟಬೇಕಿತ್ತು. ಹುಟ್ಟುತ್ತಿದ್ದದ್ದು ಸಿಟ್ಟು.

ಆಮೇಲೆ ಮಳೆ ತೆರಿಗೆ ಬಂತು. ಮನೆಯ ಮಾಡಿನ ಮೇಲೆ, ಕಾರು ನಿಲ್ಲಿಸುವ ಸಿಮೆಂಟಿನ ಮೇಲೆ ಬಿದ್ದು ಹರಿಯುವ ಮಳೆನೀರಿಗೆ ತೆರಿಗೆ. ಜನ ಮೊದಲು ನಕ್ಕರು, ಬಿಲ್ಲು ಕೈಗೆ ಬಂದ ಮೇಲೆ ಉರಿದುಬಿದ್ದರು. ಹೇರಿದ್ದು ರೀಜಿಸ್‌ನ ಪಕ್ಷದವರೇ. ಜನರನ್ನು ತಣ್ಣಗಾಗಿಸಲು ಚೆಟ್ ಇವನನ್ನೇ ಅಟ್ಟಿದ. ಇವನು ಮನೆಮನೆಯ ಜಗಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ಇದು ನ್ಯಾಯವಾದ ತೆರಿಗೆ, ಚರಂಡಿ ರಿಪೇರಿಗೆ ಬೇಕೇ ಬೇಕು ಎಂದು ಎಲ್ಲರ ಕಿವಿ ತೂತು ಮಾಡಿದ.

ಮರುವರ್ಷ ಚುನಾವಣೆ. ನಮ್ಮ ವಾರ್ಡಿನ ಕಮಿಷನರನಿಗೆ ಇದ್ದಕ್ಕಿದ್ದಂತೆ ಮೊಮ್ಮಕ್ಕಳ ಮೇಲೆ ಪ್ರೀತಿ ಉಕ್ಕಿ, ಸ್ಪರ್ಧೆಯಿಂದ ಹಿಂದೆ ಸರಿದ. ಸೋಲಲು ಬೇರೆ ಯಾರೂ ಸಿಗದೆ ಟಿಕೆಟು ಕೊನೆಗೂ ರೀಜಿಸ್‌ನ ಪಾಲಿಗೆ ಬಂತು. ತೆರಿಗೆಯನ್ನು ಬಾಯಿತುಂಬ ಬೈಯಬೇಕೆಂದು ಚೆಟ್ ಹೇಳಿಕೊಟ್ಟ. ವಾರದೊಳಗೆ ಹಲಗೆಗಳು ಎದ್ದವು: "ಮಳೆ ದೇವರದು, ತೆರಿಗೆ ಕಳ್ಳರದು. ಕೊಲೆಸಾರ್‌ಗೆ ಮತ ಕೊಡಿ." ಆ ಕಳ್ಳರ ಚೀಟಿಗಳನ್ನು ಮೂವತ್ತು ವರ್ಷ ಹಂಚಿದವನು ಯಾರೆಂದು ಹಲಗೆಯಲ್ಲಿ ಬರೆದಿರಲಿಲ್ಲ.

ಮೀನೂಟದ ಹಾಲಿನಲ್ಲಿ ಸಿಕ್ಕಾಗ ನಾನು ಬಿಡಲಿಲ್ಲ.

"ಏನೋ ರೀಜಿಸ್, ಹೋದ ವರ್ಷ ನಮ್ಮನೆ ಜಗಲೀಲಿ ಕೂತು ನ್ಯಾಯವಾದ ತೆರಿಗೆ ಅಂದಿದ್ಯಲ್ಲ?"

"ಅದು ಹೋದ ವರ್ಷ ಕಣೇ. ಆಗ ಪಕ್ಷದ ಮಾತು ಹೇಳ್ತಿದ್ದೆ."

"ಈಗ?"

"ಈಗ್ಲೂ ಪಕ್ಷದ ಮಾತೇ. ಮಾತು ಬದಲಾಗಿದೆ ಅಷ್ಟೇ."

ಹಾಗೆಂದವನು ಒಂದಿಷ್ಟೂ ನಾಚದೆ ಮೀನಿಗೆ ನಿಂಬೆ ಹಿಂಡಿಕೊಂಡ. ಎದುರಾಳಿಯಾಗಿ ನಿಂತಿದ್ದವಳು ಹೇರ್ ಸಲೂನ್ ನಡೆಸುವ ಡೆನೀಸ್ ಪೆಟ್ರೆಲಾ. ಅವಳೇನೂ ದೇವತೆಯಲ್ಲ, ಕತ್ತರಿಯಷ್ಟೇ ಚುರುಕು ನಾಲಿಗೆಯವಳು. ಆದರೆ ತೆರಿಗೆ ತೆಗೆಯುತ್ತೇನೆಂದು ಅವಳು ಬೊಗಳೆ ಬಿಡಲಿಲ್ಲ. ಕಟ್ಟಿದ ದುಡ್ಡಿಗೆ ಗುಡ್ಡದ ಬೀದಿಯ ಚರಂಡಿಯನ್ನು ಮೊದಲು ಮಾಡಿಸುತ್ತೇನೆ ಅಂದಳು, ಅಷ್ಟೇ.

ರೀಜಿಸ್‌ನದೊಂದು ಪದ್ಧತಿಯಿತ್ತು. ಮತಗಟ್ಟೆಯ ಕೊನೆಯ ಓಟು ಯಾವಾಗಲೂ ಅವನದು. ಊರನ್ನೆಲ್ಲ ಒಳಗೆ ಕಳಿಸಿ, ಎಂಟು ಗಂಟೆಗೆ ಬಾಗಿಲು ಹಾಕುವ ಮುನ್ನ ಟೋಪಿ ತೆಗೆದು ಒಳಗೆ ಬರುವನು. ಅವನು ಓಟು ಹಾಕಿದ ಮೇಲೆ ನಾವು ಮೇಜಿನವರೆಲ್ಲ ಚಪ್ಪಾಳೆ ತಟ್ಟಬೇಕು, ಅವನು ಹೆಂಡತಿ ಕಟ್ಟಿಕೊಟ್ಟ ಪಿರೋಗಿಯ ಡಬ್ಬಿ ಬಿಚ್ಚಬೇಕು. ಆಲೂಗಡ್ಡೆ ತುಂಬಿ ಬೆಣ್ಣೆಯಲ್ಲಿ ಹುರಿದ ಆ ಪಿರೋಗಿಗಳ ಆಸೆಗೆ ನಾವೂ ಈ ನಾಟಕವನ್ನು ನಡೆಸಿಕೊಂಡು ಬಂದಿದ್ದೆವು.

ಆ ನವೆಂಬರಿನ ಮಂಗಳವಾರವೂ ಅವನು ಬೆಳಿಗ್ಗೆಯಿಂದ ಗೆರೆಯ ಆಚೆಯೇ ನಿಂತಿದ್ದ. ಚೀಟಿಯಲ್ಲಿ ಮೊದಲ ಬಾರಿಗೆ ಅವನದೇ ಹೆಸರು. ಸಂಜೆ ಏಳು ದಾಟಿದ ಮೇಲೆ ಚೆಟ್ ಬಂದ. ಪಕ್ಷದ ಔತಣದಲ್ಲಿ ಆಗಲೇ ಸಾಸೇಜು ತಿಂದು ಬಂದಿದ್ದ, ಬಾಯಿ ಇನ್ನೂ ಆಡುತ್ತಿತ್ತು.

"ಆಗ್ನೆಸ್ ಬಾಬ್ಚಾಕ್ ಬಂದ್ಲಾ?" ಎಂದು ಕೇಳಿದ.

ಆಗ್ನೆಸ್ ಗುಡ್ಡದ ಬೀದಿಯ ತುದಿಮನೆಯ ವಿಧವೆ. ವಯಸ್ಸು ತೊಂಬತ್ತರ ಹತ್ತಿರ.

"ಇನ್ನೂ ಇಲ್ಲ," ಅಂದ ರೀಜಿಸ್.

"ಹೋಗಿ ಕರ್ಕೊಂಡು ಬಾ. ಜನ್ಮದಲ್ಲಿ ನಮ್ಮ ಪಕ್ಷ ಬಿಟ್ಟು ಬೇರೆ ಕಡೆ ಹಾಕಿದವಳಲ್ಲ."

ಚೆಟ್‌ನ ಕಾರು ಅಲ್ಲೇ ನಿಂತಿತ್ತು. ಆದರೂ ಅಭ್ಯರ್ಥಿಯೇ ಹೋಗಬೇಕೆಂದು ಇಬ್ಬರಿಗೂ ಸಹಜವಾಗಿ ತೋಚಿತು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ಮೊದಲು ನಿನ್ನ ಓಟು ಹಾಕಿ ಹೋಗೋ," ಅಂದೆ.

"ಕೊನೇ ಓಟು ನಂದು ಲೊರೇನ್. ಇವತ್ತೊಂದಿನ ಅದನ್ನ ತಪ್ಪಿಸ್ಲಾ? ಅಪಶಕುನ."

ತನ್ನ ಕಾರು ಹತ್ತಿ ಹೊರಟೇಹೋದ. ಆಗ್ನೆಸ್‌ಗೆ ಕೋಟು ಹುಡುಕಬೇಕಾಯಿತಂತೆ, ಹಲ್ಲಿನ ಸೆಟ್ಟು ಹುಡುಕಬೇಕಾಯಿತಂತೆ, ಬೆಕ್ಕನ್ನು ಒಳಗೆ ಕರೆಯಬೇಕಾಯಿತಂತೆ. ಎಂಟಕ್ಕೆ ಇನ್ನೇನು ಎನ್ನುವಾಗ ಕಾರು ಬಂತು. ಆಕೆಯನ್ನು ಕೈಹಿಡಿದು ಬಾಗಿಲ ತನಕ ಬಿಟ್ಟ. ಅಲ್ಲಿ ಅಗ್ನಿಶಾಮಕ ವಾಹನ ಹೊರಡುವ ಜಾಗ, ಕಾರು ನಿಲ್ಲಿಸುವಂತಿಲ್ಲ. ತೆಗೆದು ಹಿಂದಿನ ಬಯಲಿಗೆ ಒಯ್ದ.

ಗಡಿಯಾರದಲ್ಲಿ ಎಂಟಾಯಿತು. ನಿಯಮದಂತೆ ನಾನು ಹೊರಗೆ ನಿಂತು ಮತದಾನ ಮುಗಿಯಿತೆಂದು ಕೂಗಿದೆ. ಸಾಲಿನಲ್ಲಿ ಇದ್ದವಳು ಆಗ್ನೆಸ್ ಒಬ್ಬಳೇ. ಅವಳನ್ನು ಒಳಗೆ ಬಿಟ್ಟು ಬಾಗಿಲು ಹಾಕಿದೆ. ರೀಜಿಸ್ ಏದುಸಿರು ಬಿಡುತ್ತ ಬಂದು ಗಾಜು ತಟ್ಟಿದ.

"ಲೊರೇನ್, ನಾನು ಕಣೇ."

"ಯಾರಂತ ಗೊತ್ತು."

"ಕಾರು ನಿಲ್ಲಿಸೋಕೆ ಹೋಗಿದ್ದೆ."

"ಸಾಲು ಮುಗೀತು ರೀಜಿಸ್."

ನನ್ನ ಗಂಡನೇ ಬಂದಿದ್ದರೂ ತೆರೆಯುತ್ತಿರಲಿಲ್ಲ. ಅವನು ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಡಲಿಲ್ಲ. ಪದ್ಧತಿಯಂತೆ ಟೋಪಿ ತೆಗೆದು, ಚಳಿಯಲ್ಲಿ ಗಾಜಿನ ಆಚೆ ನಿಂತ.

ಎಣಿಕೆ ಮುಗಿಸಿ, ಬಾಗಿಲು ತೆರೆದು, ಯಂತ್ರ ಮುದ್ರಿಸಿದ ಕಾಗದವನ್ನು ಅದಕ್ಕೆ ಅಂಟಿಸಿದೆ. ಡೆನೀಸ್ ಒಂದೇ ಓಟಿನಿಂದ ಗೆದ್ದಿದ್ದಳು. ಇವನು ತನ್ನ ಓಟು ಹಾಕಿದ್ದರೆ ಸಮವಾಗುತ್ತಿತ್ತು, ಗೆದ್ದವರನ್ನು ಆರಿಸಲು ಚೀಟಿ ಎತ್ತುತ್ತಿದ್ದರು. ಅವನು ಆ ಕಾಗದವನ್ನು ಎರಡು ಸಲ ಓದಿದ. ಮನೆಗೆ ಹೋಗಲು ಕಾರಿಗಾಗಿ ಕಾಯುತ್ತಿದ್ದ ಆಗ್ನೆಸ್ ಒಳಗಿನ ಬೆಂಚಿನಿಂದಲೇ ಕೇಳಿದಳು:

"ಆ ಸಲೂನ್ ಹುಡುಗಿ ಗೆದ್ಲೇನಪ್ಪ? ಒಳ್ಳೇದಾಯ್ತು. ನಾನೂ ಅವಳಿಗೇ ಹಾಕಿದ್ದು."

ರೀಜಿಸ್ ಕಾಗದ ಬಿಟ್ಟು ಆಕೆಯ ಕಡೆ ತಿರುಗಿದ.

"ಬೇಜಾರು ಮಾಡ್ಕೋಬೇಡ ರೀಜಿಸ್. ಹೋದ ವರ್ಷ ನನ್ನ ಜಗಲೀಲಿ ಕೂತು ಆ ತೆರಿಗೆ ನ್ಯಾಯ ಅಂದೆ. ನಿನ್ನ ಮಾತು ನಂಬಿ, ಸುಮ್ನೆ ಕಟ್ದೆ. ಈ ವರ್ಷ ಅದು ಕಳ್ಳತನ ಅಂತೀಯ. ಅವತ್ತಾದ್ರೂ ಸುಳ್ಳು ಹೇಳಿರ್ಬೇಕು, ಇವತ್ತಾದ್ರೂ. ಯಾವುದು ಅಂತ ಕಂಡುಹಿಡಿಯೋ ವಯಸ್ಸಲ್ಲ ನಂದು."

ರೀಜಿಸ್ ಪಿರೋಗಿಯ ಡಬ್ಬಿಯನ್ನು ಮುಚ್ಚಳ ಬಿಚ್ಚದೆ ನಮ್ಮ ಮೇಜಿನ ಮೇಲಿಟ್ಟ. ಆಮೇಲೆ ಆಕೆಯ ಕೋಟಿನ ಗುಂಡಿ ಹಾಕಿ, "ಬನ್ನಿ ಅಮ್ಮ, ಮೆಟ್ಟಿಲು ಜಾರುತ್ತೆ," ಎಂದು ಕೈಹಿಡಿದು ಕರೆದೊಯ್ದ. ಚೆಟ್‌ನ ಕಾರು ಆಗಲೇ ಮಾಯವಾಗಿತ್ತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಲ್ಲ. ಮುಂದಿನ ಚುನಾವಣೆಯ ದಿನ ನಾನು ಗೆರೆ ಎಳೆಯುತ್ತಿದ್ದಾಗಲೇ ಅವನು ಬಂದು ನಿಂತಿದ್ದ. ಎಲ್ಲರಿಗಿಂತ ಮೊದಲು ಓಟು ಹಾಕಿ ಹೊರಗೆ ಹೋದ. ಕೈಯಲ್ಲಿ ಚೆಟ್‌ನ ಅಳಿಯನ ಚೀಟಿ. "ಸ್ವಚ್ಛ ಚರಂಡಿಗೆ ನ್ಯಾಯವಾದ ಮಳೆ ತೆರಿಗೆ" ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

"ಇವತ್ತಾದ್ರೂ ಹೇಳೋ," ಅಂದೆ. "ಆ ತೆರಿಗೆ ನ್ಯಾಯವೋ, ಕಳ್ಳತನವೋ?"

ಅವನು ಚೀಟಿಯನ್ನು ತಿರುಗಿಸಿ ನೋಡಿದ, ಅಲ್ಲಿಯವರೆಗೂ ಓದಿಯೇ ಇರಲಿಲ್ಲವೇನೋ ಎಂಬಂತೆ.

"ಅದನ್ನ ಅಭ್ಯರ್ಥೀನ ಕೇಳು ಲೊರೇನ್," ಅಂದ. "ನಂದು ಬರೀ ಹಂಚೋ ಕೆಲಸ."