ಡಾಕ್ಟರ ಪ್ರಶ್ನೆಗೆ ಗಂಡನ ಉತ್ತರ

"ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗ್ತೀರಮ್ಮ?"

ಚಾಮರಾಜನಗರಕ್ಕೆ ಹೊಸದಾಗಿ ಬಂದಿರುವ ಡಾಕ್ಟರು ನನ್ನ ಹೆಂಡತಿ ಶಿವಮ್ಮನನ್ನು ಕೇಳಿದ ಪ್ರಶ್ನೆ ಇದು. ಉತ್ತರ ಕೊಟ್ಟವನು ನಾನು. "ಒಂದೇ ಸಾರ್. ನಮ್ಮನೇಲಿ ತಲೆಗೊಂದು ದಿಂಬು ಇದೆ" ಎಂದೆ, ಕೊಂಚ ಬಿಗುಮಾನದಿಂದಲೇ. (ಗುಂಡ್ಲುಪೇಟೆಯ ಸ್ಕೂಲ್ ಮೇಷ್ಟ್ರ ಮನೆಯಲ್ಲಿ ದಿಂಬಿಗೆ ಬರವೇ?)

ಎರಡು ವರ್ಷದಿಂದ ಆಕೆಗೆ ದಮ್ಮು. ಹಾಗೆಂದು ತೀರ್ಮಾನಿಸಿದವನೂ ನಾನೇ. ನಮ್ಮೂರ ಪಕ್ಕದ ಮದ್ದೂರಿನ ಕಾಡಿನ ಜೇನು ತರಿಸಿದೆ, ಪಂಡಿತರ ಚೂರ್ಣ ಕುಡಿಸಿದೆ. ಔಷಧದ ಅಂಗಡಿಯಿಂದ, ಹೊಗೆ ಎಳೆದರೆ ದಮ್ಮು ಇಳಿಯುತ್ತದೆಂದು ಮಾರುವ ಮದ್ದಿನ ಸಿಗರೇಟು ತಂದೆ. ಆಕೆ ಮುಟ್ಟಲಿಲ್ಲ. ತಂದದ್ದು ಹಾಳಾಗಬಾರದಲ್ಲ? ನಾನೇ ಸೇದಿ ಮುಗಿಸಿದೆ.

ದಮ್ಮು ಮಾತ್ರ ಹೋಗಲಿಲ್ಲ. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಆಕೆ ಎರಡು ಕಡೆ ಕೂರುತ್ತಿದ್ದಳು. "ಮೈಗಳ್ಳಿ" ಎಂದು ನಾನು ತಮಾಷೆ ಮಾಡುತ್ತಿದ್ದೆ.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, "ಚಿಕ್ಕವರಿದ್ದಾಗ ಜ್ವರ ಬಂದು ಕೀಲು ಊದಿತ್ತೇನಮ್ಮ?" ಎಂದರು.

"ಇಲ್ಲ ಸಾರ್, ಗಟ್ಟಿಮುಟ್ಟಾಗಿದ್ದಳು" ಎಂದೆ. ನಾನು ಆಕೆಯನ್ನು ಮೊದಲು ನೋಡಿದ್ದು ಅವಳ ಹದಿನಾರನೇ ವಯಸ್ಸಿನಲ್ಲಿ. ಅದಕ್ಕೂ ಹಿಂದಿನ ಬಾಲ್ಯಕ್ಕೆ ನಾನು ಹೇಗೆ ಸಾಕ್ಷಿಯಾದೆ? ದೇವರಿಗೇ ಗೊತ್ತು. ಕ್ಲಾಸಿನಲ್ಲಿ ಪಕ್ಕದವನ ಪರವಾಗಿ ಉತ್ತರ ಹೇಳುವ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರು ನಾನು!

"ಮೇಷ್ಟ್ರೇ, ಕಾಯಿಲೆ ನಿಮಗೋ ಅವರಿಗೋ? ಸ್ವಲ್ಪ ಆಚೆ ಇರಿ" ಎಂದರು ಡಾಕ್ಟರು.

ಆಚೆ ನಿಂತೆ. ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ ಅಷ್ಟೇ. ಶಿವಮ್ಮನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಒಂಬತ್ತು ವರ್ಸದಲ್ಲಿ ಮಂಡಿ ಎಲ್ಲ ಊದ್ಕಂಡು ಮೂರು ತಿಂಗ್ಳು ಮನಗಿದ್ದೆ ಸ್ವಾಮಿ. ಚಂದಕವಾಡೀಲಿ ನಮ್ಮಪ್ಪ ಎತ್ಕಂಡೇ ತಿರುಗ್ತಿದ್ದ. ಈಗ ದಿಂಬು ಗಿಂಬು ಏನೂ ಇಲ್ಲ. ಮನಿಕಂಡ್ರೆ ಉಸ್ರು ಕಟ್ತದೆ. ರಾಗಿ ಮೂಟೆಗೆ ಒರಗ್ಕಂಡು ಕೂತೇ ಒಸಿ ಕಣ್ಣು ಮುಚ್ತೀನಿ."

"ಎಷ್ಟು ದಿನದಿಂದ?"

"ಓದ ದೀಪಾವಳಿಯಿಂದ."

"ಗಂಡನಿಗೆ ಹೇಳಲಿಲ್ವೇನಮ್ಮ?"

"ಅವ್ರು ಕೇಳ್ನಿಲ್ಲ."

ನಾನು ನಡುಮನೆಯಲ್ಲಿ ಗೊರಕೆ ಹೊಡೆಯುವವನು, ಆಕೆ ನಮ್ಮ ಮಗುವಿನ ಜೊತೆ ಒಳಕೋಣೆಯಲ್ಲಿ. ನಡುವೆ ಇರುವುದು ಹತ್ತೇ ಹೆಜ್ಜೆ. ನನಗೆ ನಾಚಿಕೆಯಾಯಿತು.

ಡಾಕ್ಟರು ಕರೆದು ವಿವರಿಸಿದರು. ಶ್ವಾಸಕೋಶದ ತಪ್ಪು ಏನೂ ಇಲ್ಲ. ಆ ಹಳೆಯ ಜ್ವರಕ್ಕೆ ಹೃದಯದ ಎಡಭಾಗದ ಬಾಗಿಲು ಬಿಗಿದುಕೊಂಡಿದೆ. ಶ್ವಾಸಕೋಶದಿಂದ ಬಂದ ರಕ್ತ ಸರಾಗವಾಗಿ ಮುಂದೆ ಹೋಗದು. "ತೂಬು ಕಟ್ಟಿಕೊಂಡರೆ ಕೆರೆ ತುಂಬೋದಿಲ್ವೇ? ಹಾಗೆ ರಕ್ತ ಹಿಂದಕ್ಕೆ ನಿಂತು, ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿದೆ. ಅದಕ್ಕೇ ಮಲಗಿದರೆ ಉಸಿರು ಕಟ್ಟೋದು. ಇನ್ನೊಂದು ಮಳೆಗಾಲ ಜೇನು ನೆಕ್ಕಿಸಿದ್ದರೆ ಇವರು ಉಳೀತಿರಲಿಲ್ಲ ಮೇಷ್ಟ್ರೇ."



ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಉಪ್ಪು, ಉಪ್ಪಿನಕಾಯಿ ಬಂದ್. ನೀರಿನ ಕೊಡ ಇನ್ನು ನನ್ನ ಪಾಲು. (ಬಾವಿಕಟ್ಟೆಯ ಹೆಂಗಸರಿಗೆ ಈಗ ದಿನವೂ ನಗುವ ಭಾಗ್ಯ.) ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲವಂತೆ. ಮುಂದೆ ಆಪರೇಷನ್ ಬೇಕಾದೀತು, ದೊಡ್ಡೂರಿನಲ್ಲಿ ಈಗೀಗ ಮಾಡುತ್ತಾರಂತೆ. ಆದರೂ ಹದಿನೈದು ದಿನಕ್ಕೆ ಶಿವಮ್ಮ ಚಾಪೆಯ ಮೇಲೆ ಬೆನ್ನು ಊರಿ ಮಲಗಿದಳು. ಬಾಗಿಲಲ್ಲಿ ನಿಂತು ನೋಡಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮೊನ್ನೆ ಮತ್ತೆ ಡಾಕ್ಟರಿಗೆ ತೋರಿಸಿಕೊಂಡು ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಮುಂದಿನ ಸೀಟಿನಲ್ಲಿ ನಮ್ಮ ಬೀದಿಯ ಅರಿಶಿನದ ವ್ಯಾಪಾರಿ ಬಸಪ್ಪನವರು. ಹಿಂದಕ್ಕೆ ತಿರುಗಿ ಕೇಳಿದರು: "ಮೇಷ್ಟ್ರೇ, ಮನೇಲಿ ಉಸಾರಿಲ್ವಂತೆ? ಈಗ ಎಂಗದೆ?"

ನಾಲಿಗೆ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡೆ. "ಪಕ್ಕದಲ್ಲೇ ಕೂತಿದ್ದಾಳಲ್ಲ, ಅವಳನ್ನೇ ಕೇಳಿ" ಎಂದೆ.

ಬಸಪ್ಪನವರು ತಬ್ಬಿಬ್ಬಾದರು. ಶಿವಮ್ಮ ಸೆರಗು ಸರಿಮಾಡಿಕೊಂಡಳು. "ಈಗ ವಾಸಿ ಕಣಣ್ಣ. ಮನಿಕಂಡ್ರೆ ನಿದ್ದೆ ಬತ್ತದೆ" ಎಂದಳು.

ಬಸಪ್ಪನವರು ಗಮನವಿಟ್ಟು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಔದಾ ಮೇಷ್ಟ್ರೇ?" ಎಂದರು.

ಈಗ ನೀವೇ ಹೇಳಿ, ನಾನು ಬಾಯಿ ತೆರೆಯಬೇಕಿತ್ತೇ?